ಒರೆಸಬಾರದ ಕಣ್ಣು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಹೊಂಗಣಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಬಂಡಿಗಳಿಗೆ ಎತ್ತು ಕಟ್ಟುತ್ತಿರಲಿಲ್ಲ, ಕುದುರೆ ಹೂಡುತ್ತಿರಲಿಲ್ಲ. ಬಂಡಿಯ ಹಣೆಯ ಮೇಲೆ ಎರಡು ಸ್ಫಟಿಕದ ಕಣ್ಣು, ಅವುಗಳ ಕೆಳಗೆ ಎರಡು ದೀಪ. ದೀಪ ಬೆಳಕು ಚೆಲ್ಲುತ್ತಿತ್ತು, ಕಣ್ಣು ದಾರಿ ನೋಡುತ್ತಿತ್ತು, ಬಂಡಿ ತಾನೇ ಓಡುತ್ತಿತ್ತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಆ ರಾಜ್ಯದ ಬಂಡಿಗಳೇ ಹಾಗೆ.

ಬಂಡಿ ಹೊರಡುವ ಮುನ್ನ ಬಂಡಿಯವನ ಹೆಂಡತಿ ಬಂದು ತನ್ನ ರೇಷ್ಮೆ ಸೀರೆಯ ಸೆರಗಿನಿಂದ ಆ ಕಣ್ಣುಗಳನ್ನೂ ದೀಪಗಳನ್ನೂ ಒರೆಸಬೇಕು. ಅದು ಅಲ್ಲಿನ ಶಾಸ್ತ್ರ. ಎಷ್ಟು ಒತ್ತಿ ಒರೆಸಿದರೆ ಗಂಡನ ಮೇಲೆ ಅಷ್ಟು ಪ್ರೀತಿ ಎಂದು ನೆರೆಹೊರೆಯವರು ಅಳೆಯುತ್ತಿದ್ದರು. ನೆರೆಹೊರೆಯವರಿಗೆ ಬೇರೆ ಕೆಲಸವೇನು! ಜಕ್ಕವ್ವನಷ್ಟು ಒತ್ತಿ ಒರೆಸುವವರು ಇಡೀ ರಾಜ್ಯದಲ್ಲಿ ಇರಲಿಲ್ಲ. "ಸಾಕು ಬಿಡೇ, ಬಂಡಿ ಕಣ್ಣು ಕಿತ್ತು ಬಂದೀತು" ಎಂದು ಅವಳ ಗಂಡ ಬೀರಯ್ಯ ನಗುತ್ತಿದ್ದ.

ಹೊಂಗಣಿಯ ಆಚೆ ಒಂದು ದೊಡ್ಡ ಬಯಲಿತ್ತು. ಅಲ್ಲಿಗೆ ಮಸಿರಾಯನೆಂಬ ಮಾಂತ್ರಿಕ ಬಂದು ಕೂತ ಮೇಲೆ ಬಯಲಿನ ಮೇಲೆ ಹಗಲಲ್ಲೂ ಕತ್ತಲು ಕವಿಯಿತು. ಆ ನೆಲಕ್ಕೆ ಕಾಲಿಟ್ಟವರು ನಿಂತಲ್ಲೇ ಇದ್ದಿಲ ಕಂಬವಾಗುತ್ತಿದ್ದರು. ಬಂಡಿಗಳು ದಾರಿ ತಪ್ಪಿ ಬಯಲಿನ ಕೊನೆಯ ಕಮರಿಗೆ ಬೀಳುತ್ತಿದ್ದವು. ಒಂದೇ ವರ್ಷದಲ್ಲಿ ಏಳು ಬಂಡಿ ಹೋದವು. ಏಳನೆಯದು ಬೀರಯ್ಯನದು. ದೊರೆ ಬಯಲಿನ ದಾರಿಯನ್ನೇ ಮುಚ್ಚಿಸಿದ.

ಆಮೇಲೆ ಊರಿಗೆ ಬಿಳಿಜ್ವರ ಬಂತು. ಮಕ್ಕಳಿಗೆ ಮಾತ್ರ ಬಂತು. ಅದಕ್ಕೆ ಇದ್ದ ಮದ್ದು ಒಂದೇ, ಕಮರಿಯ ಆಚೆಯ ಚಿಲುಮೆ. ಅದರ ನೀರನ್ನು ಕೊಡದಲ್ಲಿ ತುಂಬಿ ತಂದರೆ ಬರೀ ನೀರು. ಮಕ್ಕಳನ್ನೇ ಅಲ್ಲಿಗೆ ಒಯ್ದು ಮುಳುಗಿಸಬೇಕು. ಜಕ್ಕವ್ವನ ನಾಲ್ಕು ವರ್ಷದ ಮಗಳು ಹೊಂಬಾಳೆ ಮಲಗಿದ ಮೂರನೆಯ ದಿನ ಜಕ್ಕವ್ವ ಅರಮನೆಗೆ ಹೋದಳು.

"ಬಂಡಿ ಕೊಡಿ ಒಡೆಯಾ. ಮಲಗಿರೋ ಮಕ್ಕಳನ್ನೆಲ್ಲ ನಾನೇ ದಾಟಿಸ್ತೀನಿ."

"ಏಳು ಬಂಡಿ ನುಂಗಿದ ಬಯಲಿಗೆ ಮಕ್ಕಳನ್ನು ಕಳಿಸಲೇನಮ್ಮ?"

"ಇಲ್ಲೇ ಇಟ್ಕೊಂಡ್ರೆ ಉಳೀತಾವಾ ಒಡೆಯಾ?"

ದೊರೆ ಒಪ್ಪಿದ. ಬಂಡಿಗಳಿಗೆ ಸ್ಫಟಿಕದ ಕಣ್ಣು ಕಡೆಯುವ ಸೋಮಾಚಾರಿಗೆ ಹೇಳಿ ಹೊಸ ಬಂಡಿ ಮಾಡಿಸಿದ. ಹನ್ನೊಂದು ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದರು. ಜಕ್ಕವ್ವ ಶಾಸ್ತ್ರ ಮರೆಯದೆ ಸೆರಗು ಹಿಡಿದು ಬಂಡಿಯ ಕಣ್ಣಿನ ಹತ್ತಿರ ಹೋದಳು. ಮುದುಕ ಸೋಮಾಚಾರಿ ಅವಳ ಮುಂಗೈ ಹಿಡಿದ.

"ಬಟ್ಟೆ ಮುಟ್ಟಿಸ್ಬೇಡ ತಾಯಿ. ಕೈಯೂ ಬೇಡ."

"ಯಾಕೆ ಆಚಾರ್ರೇ? ಶಾಸ್ತ್ರ ಬಿಡೋಕಾಗುತ್ತಾ?"

ಮುದುಕ ಅವಳ ಮುಖ ನೋಡಿದ, ಏನೋ ಹೇಳಲು ಹೋಗಿ ನುಂಗಿಕೊಂಡ. "ದಾಟಿ ಬಾ, ಆಮೇಲೆ ಹೇಳ್ತೀನಿ" ಎಂದು ಮೂರು ಸಾಮಾನು ಕೊಟ್ಟ. ಒಂದು ಕಮ್ಮಾರರ ತಿದಿ, ಒಂದು ಅಂಟುವಾಳದ ನೀರು ತುಂಬಿದ ಪಿಚಕಾರಿ, ಒಂದು ಕಂಚಿನ ಬಟ್ಟಲು ಮತ್ತು ಅದನ್ನು ನುಡಿಸುವ ಕೋಲು. "ಗಾಳಿ ಸಾಲ್ದಿದ್ರೆ ನೀರು. ನೀರು ಸಾಲ್ದಿದ್ರೆ ನಡುಕ. ಬಟ್ಟೆ ಮಾತ್ರ ಬೇಡ."

ಬಯಲು ಹೊಕ್ಕ ಸ್ವಲ್ಪ ಹೊತ್ತಿಗೆ ಮನೆಯಷ್ಟು ಎತ್ತರದ ಹಂದಿಯೊಂದು ಎದ್ದು ಬಂತು. ಅದರ ಮೈಯೆಲ್ಲ ಧೂಳು. ಹಂದಿ ನಾಲ್ಕೂ ಕಾಲಿನಿಂದ ನೆಲ ಕೆದರಿ ಧೂಳನ್ನು ಬಂಡಿಯ ಮುಖಕ್ಕೆ ಎರಚಿತು.

"ಅಕ್ಕಾ, ನನಗೆ ಕಾಣಿಸ್ತಿಲ್ಲ" ಎಂದಿತು ಬಂಡಿ.

"ಒರೆಸು, ಒಂದೇ ಸಲ ಒರೆಸು" ಎಂದು ಎಲ್ಲಿಂದಲೋ ಒಂದು ದನಿ ಬಂತು. ಕಣ್ಣುಗಳು ಅವಳ ಪೀಠದ ಮುಂದೆಯೇ, ಕೈಗೆ ಎಟುಕುವಷ್ಟು ಹತ್ತಿರ ಇದ್ದವು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಿದಿ ಒತ್ತಿದಳು. ತೋಳು ಸೋಲುವ ತನಕ ಒತ್ತಿದಳು. ಧೂಳು ಹಾರಿಹೋಯಿತು, ಧೂಳಿನ ಜೊತೆ ಹಂದಿಯೂ ಹಾರಿಹೋಯಿತು.

ಇನ್ನಷ್ಟು ದೂರ ಹೋದ ಮೇಲೆ ಗುಬ್ಬಚ್ಚಿಯಷ್ಟು ದೊಡ್ಡ ರೆಕ್ಕೆಹುಳುಗಳ ದಂಡು ದೀಪಗಳಿಗೆ ಮುತ್ತಿತು. ಬಡಿದ ಹುಳುಗಳೆಲ್ಲ ಒಡೆದು ಅಂಟಿನಂತೆ ಮೆತ್ತಿಕೊಂಡವು. ತಿದಿಯ ಗಾಳಿಗೆ ಒಂದು ರೆಕ್ಕೆಯೂ ಅಲುಗಲಿಲ್ಲ.

"ಅಕ್ಕಾ, ನನಗೆ ಕಾಣಿಸ್ತಿಲ್ಲ" ಎಂದಿತು ಬಂಡಿ.

"ಒರೆಸು, ಒಂದೇ ಸಲ ಒರೆಸು" ಎಂದಿತು ದನಿ.

ಜಕ್ಕವ್ವ ಪಿಚಕಾರಿ ಎತ್ತಿ ಅಂಟುವಾಳದ ನೀರು ಚಿಮ್ಮಿಸಿದಳು. ನೊರೆ ಎದ್ದಿತು, ಅಂಟು ಕರಗಿತು, ಹುಳುಗಳು ಜಾರಿ ಕೆಳಗೆ ಬಿದ್ದವು. ಬಂಡಿ ಮತ್ತೆ ಓಡಿತು. ಹಿಂದೆ ಮಕ್ಕಳ ನರಳಾಟ ಕೇಳುತ್ತಿತ್ತು. ಹತ್ತು ದನಿ ಕೇಳುತ್ತಿತ್ತು, ಹನ್ನೊಂದಲ್ಲ. ಅವಳು ತಿರುಗಿ ನೋಡಿದಳು. ಕುಂಬಾರರ ಮನೆಯ ಮಗು ಸುಮ್ಮನಾಗಿತ್ತು. ಅತ್ತುಕೊಂಡೇ ಬಂಡಿ ಮುಂದಕ್ಕೆ ಬಿಟ್ಟಳು, ನಿಲ್ಲಿಸುವ ಹಾಗಿರಲಿಲ್ಲ.

ಕಮರಿಯ ಮೇಲೆ ಒಂದು ಬಂಡಿಯಷ್ಟೇ ಅಗಲದ ಕಲ್ಲಿನ ಸೇತುವೆ ಇತ್ತು. ಅದರ ಆಚೆ ತುದಿಯಲ್ಲಿ ಮಸಿರಾಯ ಕುಕ್ಕರಗಾಲಲ್ಲಿ ಕೂತಿದ್ದ. ಅವನು ಒಮ್ಮೆ ಉಫ್ ಎಂದ. ಎಣ್ಣೆಯಲ್ಲಿ ಕಲಸಿದಂಥ ಮಸಿ ಬಂದು ಕಣ್ಣು, ದೀಪಗಳನ್ನೆಲ್ಲ ಮುಚ್ಚಿತು. ಬಂಡಿ ಸೇತುವೆಯ ಬಾಯಲ್ಲಿ ಗಕ್ಕನೆ ನಿಂತಿತು.

"ಅಕ್ಕಾ, ನನಗೆ ಕಾಣಿಸ್ತಿಲ್ಲ."

ತಿದಿ ಒತ್ತಿದಳು, ಮಸಿ ಕದಲಲಿಲ್ಲ. ನೀರು ಹೊಡೆದಳು, ಮಸಿ ಇನ್ನಷ್ಟು ಹರಡಿತು. ಹರಡಿದ ಮಸಿಯಲ್ಲಿ ಮೂಗು ಮೂಡಿತು, ಮೀಸೆ ಮೂಡಿತು. ಬಂಡಿಯ ಕಣ್ಣಿನ ಮೇಲೆ ಬೀರಯ್ಯನ ಮುಖ ಬಂದು ನಿಂತಿತು.

ಮಸಿರಾಯ ನಕ್ಕ. "ಊರವರೆಲ್ಲ ನನ್ನ ಮೇಲೆ ಕೊಲೆ ಹೊರಿಸ್ತಾರೆ. ನಾನು ಯಾವ ಬಂಡೀನೂ ಮುಟ್ಟಿಲ್ಲ ಕಣಮ್ಮ. ಬಯಲ ತುಂಬ ಮಸಿ ಊದಿದೆ, ಅಷ್ಟೆ. ಅದರಲ್ಲಿ ಕಲ್ಲಿನ ಪುಡಿ ಇದೆ. ಗಾಳಿಗೆ ನಿಮ್ಮೂರಿಗೂ ಹೋಗಿ ಬಂಡಿಗಳ ಮೇಲೆ ಕೂರುತ್ತೆ. ಅದನ್ನ ಬಟ್ಟೇಲಿ ಉಜ್ಜಿದ್ರೆ ಕಣ್ಣು ಗೀರುತ್ತೆ. ಗೀರಿದ ಕಣ್ಣಿಗೆ ಒಂದು ಸೇತುವೆ ಎರಡಾಗಿ ಕಾಣುತ್ತೆ. ಗೀರಿದ ದೀಪದ ಬೆಳಕು ದಾರೀಲಿ ಬೀಳಲ್ಲ, ಚೆದುರಿ ಹೋಗುತ್ತೆ. ನಿನ್ನ ಗಂಡನ ಬಂಡಿ ಇಲ್ಲದ ಸೇತುವೆ ಹತ್ತಿತು. ಆ ಸೇತುವೆ ತೋರಿಸಿದ್ದು ನಾನಲ್ಲ, ನಿನ್ನ ಸೆರಗು."

 ತಾನು ಎಷ್ಟು ಒತ್ತಿ ಒರೆಸುತ್ತಿದ್ದೆ ಎಂಬುದು ಜಕ್ಕವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಚಾರಿ ಮಾತು ನುಂಗಿಕೊಂಡದ್ದು ಯಾಕೆಂದು ಈಗ ತಿಳಿಯಿತು.

"ಅಳಬೇಡ" ಎಂದ ಮಸಿರಾಯ. "ಒರೆಸು, ಒಂದೇ ಸಲ ಒರೆಸು. ಆ ಮಸಿಯೊಳಗಿಂದ ನಿನ್ನ ಗಂಡ ಎದ್ದು ಬರ್ತಾನೆ."

ಅವಳ ಕೈ ಸೆರಗಿಗೆ ಹೋಯಿತು. ಹೋಗದೆ ಇರುತ್ತದೆಯೇ? ಮಸಿಯ ಬೀರಯ್ಯ ಅವಳನ್ನೇ ನೋಡುತ್ತಿದ್ದ. ಆಗ ಹಿಂದಿನಿಂದ ಹೊಂಬಾಳೆ "ಅವ್ವಾ, ನೀರು" ಎಂದಳು. ಆ ಸಣ್ಣ ದನಿ ಕೇಳಿ ಜಕ್ಕವ್ವ ಸೆರಗು ಬಿಟ್ಟಳು.

ಕಂಚಿನ ಬಟ್ಟಲನ್ನು ಕಣ್ಣಿನ ಚೌಕಟ್ಟಿಗೆ ಒತ್ತಿ ಹಿಡಿದು ಅದರ ಅಂಚಿನ ಸುತ್ತ ಕೋಲು ಆಡಿಸಿದಳು. ಬಟ್ಟಲು ಗುಂಯ್ ಎಂದಿತು. ನೊಣ ಕೂತ ಕಡೆ ಎಮ್ಮೆ ಚರ್ಮವನ್ನಷ್ಟೇ ಅದುರಿಸುತ್ತದಲ್ಲ, ಹಾಗೆ ಸ್ಫಟಿಕ ಅದುರಿತು. ಮಸಿ ಪುಡಿಪುಡಿಯಾಗಿ ಉದುರಿತು. ಮೊದಲು ಬೀರಯ್ಯನ ಮೀಸೆ ಉದುರಿತು, ಆಮೇಲೆ ತುಟಿ, ಆಮೇಲೆ ಕೆನ್ನೆ. ಗಂಡನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ ಅವಳು ಕೋಲು ನಿಲ್ಲಿಸಲಿಲ್ಲ. ಕೊನೆಗೆ ಅವನ ಎರಡು ಕಣ್ಣು ಉಳಿದವು. ಅವೂ ಹೋದವು. ದೀಪಗಳಿಗೂ ಬಟ್ಟಲು ಹಿಡಿದಳು.

ಒಂದೂ ಗೀರಿಲ್ಲದ ದೀಪದ ಬೆಳಕು ನೆಟ್ಟಗೆ ಹೋಗಿ ಮಸಿರಾಯನ ಎದೆಗೆ ಬಡಿಯಿತು. ಇಷ್ಟು ದಿನ ಅವನ ಮೇಲೆ ಬಿದ್ದದ್ದೆಲ್ಲ ಚೆದುರಿದ ಬೆಳಕು, ಅದನ್ನು ಅವನು ತಡೆದುಕೊಂಡಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಕೂತಲ್ಲೇ ಬೂದಿಯಾದ. ಬಯಲಿನ ಮೇಲೆ ಬಿಸಿಲು ಬಿತ್ತು.

ಚಿಲುಮೆಯಲ್ಲಿ ಮುಳುಗೆದ್ದ ಹತ್ತು ಮಕ್ಕಳು ಬದುಕಿದರು. ಹನ್ನೊಂದನೆಯ ಮಗುವನ್ನು ಜಕ್ಕವ್ವ ಅಲ್ಲೇ ಮಣ್ಣು ಮಾಡಿದಳು. ಊರಿಗೆ ಮರಳಿದಾಗ ಜನ ಕೂಡಿದರು. ನಡೆದದ್ದನ್ನೆಲ್ಲ ಕೇಳಿದ ದೊರೆ ಜಕ್ಕವ್ವನನ್ನು ಒಂದು ಪಕ್ಕಕ್ಕೆ ಕರೆದ. "ಇನ್ನು ಯಾರೂ ಬಟ್ಟೆ ಮುಟ್ಟಿಸಬಾರದೆಂದು ಡಂಗುರ ಹೊಡೆಸುತ್ತೇನೆ. ಕಾರಣ ಹೇಳಬೇಡ. ನಿನ್ನ ಹಾಗೆ ಗಂಡನನ್ನು ಕಳೆದುಕೊಂಡ ಆ ಆರು ಹೆಣ್ಣುಮಕ್ಕಳು ಹೇಗೆ ತಡೆದುಕೊಂಡಾರು?"

"ಹೇಳ್ದಿದ್ರೆ ಕದ್ದಾದ್ರೂ ಒರೆಸ್ತಾರೆ ಒಡೆಯಾ. ಪ್ರೀತಿ ಇರೋರು ಸುಮ್ನಿರಲ್ಲ."

ಅವಳು ಆ ಆರು ವಿಧವೆಯರನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.  ಅವರಲ್ಲಿ ಹಿರಿಯಳಾದ ಮಾಚಮ್ಮ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು.

"ಅಂದ್ರೆ ಈ ಕೈಯೇನೇ?"

"ನನ್ನದೂ ಅಂಥದ್ದೇ ಕೈ ಕಣಕ್ಕ."

ಮಾಚಮ್ಮ ಗೋಳೋ ಎಂದು ಅತ್ತಳು. ಉಳಿದವರೂ ಅತ್ತರು. ಅತ್ತು ಸಾಕಾದ ಮೇಲೆ ಮಾಚಮ್ಮನೇ ಕೈಚಾಚಿ ಕಂಚಿನ ಬಟ್ಟಲು ತೆಗೆದುಕೊಂಡಳು. "ಹೆಂಗೆ ನುಡಿಸೋದು, ತೋರ್ಸು."

ಅಂದಿನಿಂದ ಬಂಡಿ ಹೊರಡುವಾಗ ಆ ಏಳು ಹೆಂಗಸರೇ ಬಂದು ಗಾಳಿ ಊದಿ, ನೀರು ಚಿಮ್ಮಿಸಿ, ಬಟ್ಟಲು ನುಡಿಸಿ ಕಳಿಸತೊಡಗಿದರು. ಹೊಂಗಣಿಯ ಬಂಡಿಗಳು ಈಗಲೂ ಆ ಬಯಲಿನಲ್ಲಿ ಓಡುತ್ತವೆ, ಹತ್ತಿದವರೆಲ್ಲ ಇಳಿಯುತ್ತಾರೆ.