ಪ್ಯೋ ಮೇಷ್ಟ್ರ ಜನವರಿ ಪಾಠ

ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಪ್ಯೋ ಗಿಲ್-ಹೋನನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಮಿಕ್ಕ ಒಂದು ದಿನ ಮಾತ್ರ ಅವನದು. ಜನವರಿಯ ನಡುವೆ ತೆರಿಗೆ ಇಲಾಖೆ ಪ್ರತಿಯೊಬ್ಬರ ವರ್ಷದ ಖರ್ಚಿನ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿತ್ತು. ಆಗ ಇಂಚನ್‌ನ ಆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ತೊಂಬತ್ತು ಜನ ಊಟದ ಹಾಲಿನಲ್ಲಿ ಸೇರುತ್ತಿದ್ದರು. ಲೆಕ್ಕ ವಿಭಾಗದ ಪ್ಯೋ ಗೋಡೆಯ ಪರದೆಯ ಪಕ್ಕ ನಿಂತು, ಸಂಬಳದಲ್ಲಿ ಹಿಡಿದ ತೆರಿಗೆಯಲ್ಲಿ ಎಷ್ಟನ್ನು ವಾಪಸ್ ಪಡೆಯಬಹುದೆಂದು ಹೇಳಿಕೊಡುತ್ತಿದ್ದ. ಊರಲ್ಲಿರುವ ತಾಯಿಯನ್ನು ಅವಲಂಬಿತಳೆಂದು ಮಕ್ಕಳಲ್ಲಿ ಒಬ್ಬರೇ ತೋರಿಸಬೇಕು, ಇಬ್ಬರು ತೋರಿಸಿದರೆ ಇಬ್ಬರಿಗೂ ನೋಟಿಸು. ಕನ್ನಡಕಕ್ಕೂ ವಿನಾಯಿತಿ ಉಂಟು. ನಗದು ಕೊಟ್ಟು ಕೊಂಡಾಗ ಅಂಗಡಿಯಲ್ಲಿ ಫೋನ್ ನಂಬರ್ ಒತ್ತಿದರೆ ಅದೂ ಪಟ್ಟಿಗೆ ಸೇರುತ್ತದೆ. ಹೆಂಡತಿಗೆ ಗೊತ್ತಾಗಬಾರದ ಆಸ್ಪತ್ರೆ ಬಿಲ್ಲಿದ್ದರೆ ಮೊದಲೇ ಅಳಿಸಿಬಿಡಿ ಎಂದಾಗ ಹಾಲ್ ತುಂಬ ನಗು. ಹತ್ತು ಜನರೆದುರು ತಮ್ಮ ಪಟ್ಟಿ ತೆರೆಯಲು ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೇ ಪ್ಯೋ ಪ್ರತಿ ವರ್ಷ ತನ್ನದನ್ನೇ ತೆರೆದು ತೋರಿಸುತ್ತಿದ್ದ.

"ನನ್ನ ಪಟ್ಟೀಲಿ ಮುಚ್ಚಿಡೋವಂಥದ್ದು ಏನಿದೆ?" ಎನ್ನುತ್ತಿದ್ದ. ಆವತ್ತು ಎಲ್ಲರೂ ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಪ್ಯಾಕಿಂಗ್‌ನ ಹೆಂಗಸರು ಕಿತ್ತಳೆ ಹಣ್ಣು ತಂದುಕೊಡುತ್ತಿದ್ದರು. ಆ ಹಣ್ಣಿನ ರುಚಿಯಲ್ಲಿ ಅವನು ಇಪ್ಪತ್ತೆರಡು ವರ್ಷ ಕಳೆದಿದ್ದ.

ಕೂ ಬೊನ್-ಚೊಲ್ ಅವನಿಗಿಂತ ಒಂಬತ್ತು ವರ್ಷ ಚಿಕ್ಕವನು. ಲೆಕ್ಕ ಬರೆಯುವುದನ್ನು ಕಲಿಸಿದ್ದೇ ಪ್ಯೋ. ಈಗ ಅವನೇ ವಿಭಾಗದ ಮುಖ್ಯಸ್ಥ. ಅಕ್ಟೋಬರಿನಲ್ಲಿ ಆಫೀಸಿನವರೆಲ್ಲ ಊಟಕ್ಕೆ ಹೋದಾಗ ಕೂ ಎಲ್ಲರೆದುರು ಲೋಟ ಚಾಚಿದ.

"ರಸೀದಿ ಅಣ್ಣಾ, ಇಲ್ಲೊಂದು ಸ್ವಲ್ಪ ಹಾಕಿ. ಈ ಸಲದಿಂದ ತೆರಿಗೆ ರಗಳೆಯೆಲ್ಲ ಹೊರಗಿನವರು ನೋಡ್ಕೋತಾರೆ. ನಿಮಗೆ ಗೋಡೌನ್. ಆರಾಮಾಗಿರ್ಬಹುದು ಬಿಡಿ."

"ಜನವರಿ ಪಾಠ?"

"ಯಾವ ಪಾಠ ಅಣ್ಣಾ? ಅವರೊಂದು ವಿಡಿಯೋ ಕಳಿಸ್ತಾರಂತೆ. ಟೀ ಕುಡೀತಾ ನೋಡಿದ್ರಾಯ್ತು."

ಇಡೀ ಟೇಬಲ್ಲೇ ನಕ್ಕಿತು. ಪ್ಯೋ, ಹಿರಿಯರಿಗೆ ಮದ್ಯ ಸುರಿಯುವ ಹಾಗೆ, ಎರಡು ಕೈಯಿಂದ ಲೋಟ ತುಂಬಿದ, ಒಂದು ಹನಿ ಚೆಲ್ಲಲಿಲ್ಲ. ಗೋಡೌನನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಆ ಒಂದು ದಿನವನ್ನು ಕಿತ್ತುಕೊಂಡದ್ದು ಗಂಟಲಿನಿಂದ ಕೆಳಗಿಳಿಯಲಿಲ್ಲ. ಮನೆ ತಲುಪುವ ಹೊತ್ತಿಗೆ, ಕೂ ಬದುಕಿರಬಾರದೆಂದು ತೀರ್ಮಾನಿಸಿಯಾಗಿತ್ತು.

ಕೂ ತಿಂಗಳಿಗೆರಡು ಶನಿವಾರ ಒಬ್ಬನೇ ವೊಂಜು ಕಡೆಯ ಬೆಟ್ಟ ಹತ್ತುತ್ತಿದ್ದ. ತುದಿಗಿಂತ ಸ್ವಲ್ಪ ಕೆಳಗೆ, ಕಂಬಿಯಿಲ್ಲದ ಬಂಡೆಯೊಂದರ ಅಂಚಿನಲ್ಲಿ ಕೂತು ಫೋಟೋ ತೆಗೆದು ಆಫೀಸಿನವರಿಗೆಲ್ಲ ಕಳಿಸುತ್ತಿದ್ದ. ಜಾಗವನ್ನು ಅವನೇ ತೋರಿಸಿಕೊಟ್ಟಂತಾಯಿತು. ದಿನವನ್ನು ಪ್ಯೋನ ಹೆಂಡತಿ ಗೊತ್ತುಮಾಡಿದಳು. ನವೆಂಬರ್ ಇಪ್ಪತ್ತೆರಡು, ಕೂ ಬೆಟ್ಟ ಹತ್ತುವ ಶನಿವಾರ, ಚಳಿಗಾಲಕ್ಕಾಗುವಷ್ಟು ಕಿಮ್ಚಿ ಉಪ್ಪಿನಕಾಯಿ ಹಾಕಲು ಅವಳು ತವರಿಗೆ ಹೋಗಬೇಕಿತ್ತು. ಪ್ಯೋ ಗುರುವಾರವೇ ಸೊಂಟ ಹಿಡಿದುಕೊಂಡಿದೆ ಎಂದು ನರಳತೊಡಗಿದ. ಶುಕ್ರವಾರ ಆಫೀಸಿನ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದ. "ನೂರೈವತ್ತು ಎಲೆಕೋಸಿಗೆ ಮಸಾಲೆ ತಿಕ್ಕೋದಿದೆ ಅಂದ್ರೆ ನಿಮ್ಮ ಸೊಂಟಕ್ಕೆ ಹೇಗೋ ಗೊತ್ತಾಗಿಬಿಡುತ್ತೆ" ಎಂದು ಹೆಂಡತಿ ಗೊಣಗುತ್ತಲೇ ಹೊರಟಳು.

ಶನಿವಾರ ಬೆಳಿಗ್ಗೆ ಫೋನನ್ನು ಮಂಚದ ಪಕ್ಕ ಬಿಟ್ಟ, ಟಿವಿ ಹಾಕಿಟ್ಟ. ಕಾರು ತೆಗೆಯಲಿಲ್ಲ. ಬ್ಯಾಂಕ್ ಕಾರ್ಡು, ಬಸ್ ಕಾರ್ಡು ಎರಡೂ ಮೇಜಿನ ಡ್ರಾಯರಿನಲ್ಲಿ ಉಳಿದವು. ಮನುಷ್ಯ ಎಲ್ಲೆಲ್ಲಿ ಗುರುತು ಬಿಡುತ್ತಾನೆಂದು ಅವನಿಗೆ ಹೇಳಿಕೊಡಬೇಕಾದ್ದಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಗುರುತುಗಳನ್ನೇ ಕೂಡಿಸಿ ಕಳೆದವನು. ಹೋಗಿ ಬರುವ ಟಿಕೆಟ್ಟಿಗೆ ನಗದು ಎಣಿಸಿಕೊಟ್ಟ. ಟೋಪಿ, ಮೂಗಿನವರೆಗೆ ಏರಿಸಿದ ಬಟ್ಟೆ, ಬೆಟ್ಟ ಹತ್ತುವವರೆಲ್ಲ ತೊಡುವ ಅದೇ ಜಾಕೀಟು. ದಾರಿಯಲ್ಲಿ ಅವನಂಥವರು ಇನ್ನೂರು ಜನರಿದ್ದರು.

ಕೂ ಬಂಡೆಯ ಮೇಲೆ ಕೂತು ಸೌತೆಕಾಯಿ ಕಡಿಯುತ್ತಿದ್ದ. ಹೆಜ್ಜೆ ಸದ್ದಿಗೆ ತಿರುಗಿ ನೋಡಿ, ಗುರುತು ಸಿಗದೆ, ಅಪರಿಚಿತನಿಗೆ ಕೊಡುವಂತೆ ಅರ್ಧ ಮುರಿದು ಚಾಚಿದ. ಪ್ಯೋನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ನಿಲ್ಲಲಿಲ್ಲ.

ಬೆಟ್ಟ ಇಳಿದು ವೊಂಜು ಬಸ್ ನಿಲ್ದಾಣಕ್ಕೆ ಬಂದ. ಬಸ್ಸಿಗೆ ಅರ್ಧ ಗಂಟೆಯಿತ್ತು. ನಿಲ್ದಾಣದ ತಿಂಡಿ ಅಂಗಡಿಯಲ್ಲಿ ಕಡ್ಡಿಗೆ ಸಿಕ್ಕಿಸಿದ ಎರಡು ಮೀನಿನ ತಿಂಡಿ ತಿಂದು, ಬಿಸಿ ಸಾರನ್ನು ಎರಡು ಲೋಟ ಕುಡಿದ. ಆ ಸೌತೆಕಾಯಿ ಕಣ್ಣಮುಂದಿನಿಂದ ಸರಿಯಲೊಲ್ಲದು. ತಿಂಡಿಗೆ ನಗದು ಕೊಟ್ಟು ಬಸ್ ಹತ್ತಿದ.

ಕಾಲು ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದರು. ಆಫೀಸಿನವರನ್ನು ಆ ದಿನ ಎಲ್ಲಿದ್ದಿರೆಂದು ಸುಮ್ಮನೆ ಒಂದು ಮಾತು ಕೇಳಿದರು. ಪ್ಯೋ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಉತ್ತರ ಕೊಟ್ಟ. ಅಂತ್ಯಕ್ರಿಯೆಯ ಹಾಲಿನಲ್ಲಿ ಪಟದ ಮುಂದೆ ಹಲ್ಲುಕಚ್ಚಿ ಎರಡು ಸಲ ಹಣೆ ನೆಲಕ್ಕೆ ತಾಗುವಂತೆ ಬಗ್ಗಿದಾಗ ಕೂನ ಹೆಂಡತಿ ಹ್ಯೆ-ರಾನ್ ತಾನೇ ಬಂದು ತೋಳು ಹಿಡಿದು ಎಬ್ಬಿಸಿದಳು. ಅವಳೂ ಅದೇ ಕಾರ್ಖಾನೆಯ ಪ್ಯಾಕಿಂಗ್‌ನವಳು.

"ಎರಡು ದಿನ ಮಲಗಿದಲ್ಲೇ ಇದ್ರಂತೆ. ಇಂಥ ಸೊಂಟ ಇಟ್ಕೊಂಡು ಯಾಕೆ ಬಗ್ಗೋಕೆ ಹೋದ್ರಿ ಮೇಷ್ಟ್ರೇ? ಹದಿನೈದು ವರ್ಷ ಹತ್ತಿದ ಬೆಟ್ಟ ಅವರದು. ಹೇಗೆ ಜಾರಿದ್ರು ಅಂತಾನೇ ನಂಗೆ ತಿಳೀತಿಲ್ಲ."

ಪ್ಯೋ ತಲೆ ತಗ್ಗಿಸಿದ. ಆ ಕ್ಷಣ ಅವನಿಗೆ ನಿಜವಾಗಿಯೂ ಅಳು ಬಂತು. ತೆರಿಗೆ ಕೆಲಸವನ್ನು ಹೊರಗಿನ ಕಂಪನಿಗೆ ಕೊಡುವ ಮಾತು ಕೂನ ಜೊತೆಗೇ ಹೋಯಿತು. ಜನವರಿ ಬಂದಾಗ ಮಾಲೀಕರು ಪ್ಯೋನ ಭುಜ ತಟ್ಟಿ, ಎಂದಿನಂತೆ ನೀವೇ ನೋಡಿಕೊಳ್ಳಿ ಎಂದರು.

ಹಾಲ್ ತುಂಬಿತ್ತು. ಮೇಜಿನ ಮೇಲೆ ಕಿತ್ತಳೆ ಹಣ್ಣುಗಳಿದ್ದವು. ಈ ಸಲ ಮನೆಯ ತೆರಿಗೆಯೆಲ್ಲ ತಾನೇ ನೋಡಿಕೊಳ್ಳಬೇಕಾದ ಹ್ಯೆ-ರಾನ್ ಪುಸ್ತಕ, ಪೆನ್ನು ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದಳು. ಪ್ಯೋ ಅವಳಿಗಾಗಿಯೇ ನಿಧಾನವಾಗಿ ವಿವರಿಸಿದ. ಆಸ್ಪತ್ರೆ ಬಿಲ್ಲಿನ ಹಳೆಯ ನಗೆಮಾತಿಗೆ ಎಲ್ಲರೂ ನಕ್ಕರು. ಎಷ್ಟೋ ವಾರಗಳ ಮೇಲೆ ಎದೆ ಹಗುರಾಗಿತ್ತು.

"ನನ್ನ ಪಟ್ಟೀಲಿ ಮುಚ್ಚಿಡೋವಂಥದ್ದು ಏನಿದೆ?" ಎನ್ನುತ್ತಾ ನಗದು ಖರೀದಿಯ ವಿವರ ಒತ್ತಿದ. ತಾರೀಖು, ಗಂಟೆ, ಅಂಗಡಿಯ ಹೆಸರು ಸಾಲುಸಾಲಾಗಿ ಗೋಡೆಯ ಮೇಲೆ ಮೂಡಿದವು. ಬರೆದುಕೊಳ್ಳುತ್ತಿದ್ದ ಹ್ಯೆ-ರಾನ್‌ಳ ಪೆನ್ನು ನಿಂತಿತು. "ಮೇಷ್ಟ್ರೇ, ಆ ನಾಲ್ಕನೇ ಸಾಲು... ನವೆಂಬರ್ ಇಪ್ಪತ್ತೆರಡು, ಮಧ್ಯಾಹ್ನ ಎರಡೂ ನಲವತ್ತು, ವೊಂಜು ಬಸ್ ನಿಲ್ದಾಣದ ತಿಂಡಿ ಅಂಗಡಿ. ಅವತ್ತು ನೀವು ಮಲಗಿದ್ರಲ್ವಾ?" ಪ್ಯೋಗೆ ಆಗ ನೆನಪಾಯಿತು. ಚಿಲ್ಲರೆ ಕೊಡುತ್ತಾ ಅಂಗಡಿಯಾಕೆ ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆ ನಗದು ರಸೀದಿ ಬೇಕೇ ಎಂದು ಕೇಳಿ ಗುಂಡಿಗಳ ಪುಟ್ಟ ಯಂತ್ರವನ್ನು ಅವನತ್ತ ತಿರುಗಿಸಿದ್ದಳು. ಅವನ ಮನಸ್ಸು ಆ ಸೌತೆಕಾಯಿಯಲ್ಲಿತ್ತು. ಬೆರಳು ಮಾತ್ರ ಇಪ್ಪತ್ತು ವರ್ಷದ ರೂಢಿಯಂತೆ ತನ್ನ ಫೋನಿನ ಹನ್ನೊಂದು ಅಂಕಿಗಳನ್ನೂ ತಪ್ಪಿಲ್ಲದೆ ಒತ್ತಿತ್ತು. ಸಾಲಿನ ಕೊನೆಯಲ್ಲಿ ನಾಲ್ಕು ಸಾವಿರ ವೊನ್ ಎಂದಿತ್ತು, ವಿನಾಯಿತಿಗೆ ಅರ್ಹ ಎಂದೂ ಇತ್ತು.