ಬಿಟ್ಟವರ ಹೊದಿಕೆ

“ಐಲಿಫ್, ಒಂದು ಮಾತು ಹೇಳ್ತೀನಿ ಕೇಳೋ. ಆ ಹೊದಿಕೆ ನೇತುಹಾಕಿರೋ ಕೋಣೇಲಿ ಕೂತ್ಕೊಂಡು ಮನೆಯವ್ರನ್ನ ಬಿಟ್ಟು ಬರೀಬೇಡ. ನೀನು ಬಿಟ್ಟೋರನ್ನ ಅವಳು ಕರ್ಕೊಂಡು ಹೋಗ್ತಾಳೆ.”

ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದ ರಾಗ್ನಿ ಅತ್ತೆಯ ಕೈ ಅರ್ಧಕ್ಕೇ ನಿಂತಿತ್ತು. ಐಲಿಫ್‌ಗೆ ನಗು ತಡೆಯಲಾಗಲಿಲ್ಲ.

“ಯಾರತ್ತೆ, ಆ ಮಾರೆನ್ ಅಜ್ಜೀನಾ? ಸತ್ತು ಇನ್ನೂರು ವರ್ಷ ಆಯ್ತು. ಅವಳಿಗೆ ಬೇರೆ ಕೆಲಸ ಇಲ್ವಾ?”

“ಕೆಲಸಕ್ಕೇನು, ಬೇಕಾದಷ್ಟು ಮಾಡಿದ್ಲು. ಎಲ್ಲ ಗಂಡನ ಹೆಸರಿಗೆ ಹೋಯ್ತು.”

ಆ ದ್ವೀಪದ ಹೆಂಗಸರಿಗೆಲ್ಲ ಬಾಯಿಪಾಠವಾಗಿದ್ದ ಕತೆ ಅದು. ಜನವರಿಯಲ್ಲಿ ತೆರೆದ ದೋಣಿಯಲ್ಲಿ ಮೀನಿಗೆ ಹೋದ ಗಂಡಸರು ಜೀವಸಹಿತ ಮರಳುತ್ತಿದ್ದರೆ, ಅದು ಮಾರೆನ್ ನೇಯ್ದ ದಪ್ಪ ಉಣ್ಣೆಯ ಹೊದಿಕೆಗಳಿಂದ. ಆ ಹೊದಿಕೆಗೆ ಬೆಳ್ಳಿ ಪದಕ ಬಂತು, ಗಂಡನ ಕೊರಳಿಗೆ. ಆ ಚಳಿಗಾಲ ಅವಳು ಬಾಗಿಲು ಹಾಕಿಕೊಂಡು, ಈಗ ಕೋಣೆಯ ಗೋಡೆಯಲ್ಲಿರುವ ಈ ಕೊನೆಯ ಹೊದಿಕೆ ನೇಯ್ದಳು. ಒಂದೊಂದು ಗಂಟಿಗೂ ತಲೆಯಿಂದ ಒಂದೊಂದು ಕೂದಲು ಕಿತ್ತು ಸೇರಿಸಿದಳು, ಏನನ್ನೋ ಗೊಣಗಿದಳು. ಅದು ಮಾಟ ಎಂದು ಹೆಂಗಸರು ಪಿಸುಗುಟ್ಟಿದರು. ಗಂಡಸರಿಗೆ ಎಂದಿನಂತೆ ಅದು ಅಡಗೂಲಜ್ಜಿ ಕತೆ.

ಐಲಿಫ್ ಓಸ್ಲೋದಲ್ಲಿ ಮೇಷ್ಟರಾಗಿದ್ದವನು. ದೊಡ್ಡಪ್ಪ ತೀರಿಕೊಂಡ ಮೇಲೆ, ಆ 1961ರ ಶರತ್ಕಾಲದಲ್ಲಷ್ಟೇ ದ್ವೀಪಕ್ಕೆ ಬಂದಿದ್ದ. ಐವತ್ತು ವರ್ಷ ಅಲ್ಲಿ ಕುರಿ ಕಾದವಳು, ಹುಲ್ಲು ಕೊಯ್ದವಳು, ಮನೆ ನಿಲ್ಲಿಸಿದವಳು ದೊಡ್ಡಪ್ಪನ ತಂಗಿ, ಈ ಅತ್ತೆ. ಮನೆ ಮಾತ್ರ ಗಂಡುಮಗ ಎಂದು ಅವನ ಪಾಲಿಗೆ ಬಂತು. ಊರಿನವರು ಎಲ್ಲ ಮನೆತನಗಳ ಚರಿತ್ರೆಯನ್ನು ಪುಸ್ತಕ ಮಾಡಿಸುತ್ತಿದ್ದರು. ಮನೆಗೊಂದು ಹಾಳೆ, ಬರೆಯಬೇಕಾದವನು ಮನೆಯ ಯಜಮಾನ. ಹಾಳೆ ಮಧ್ಯಾಹ್ನ ಮೂರರ ದೋಣಿಗೆ ಹೋಗಬೇಕಿತ್ತು.

ಹೆಂಡತಿ ಇಂಗುನ್ ಹಬ್ಬದ ಸಾಮಾನಿಗೆಂದು ದಡದ ಅಂಗಡಿಗೆ ಹೊರಟಿದ್ದಳು. ಆರು ವರ್ಷದ ಮಗಳು ಸುನ್ನಿವಾ ಹಿಮಗಾಡಿಯ ಮೇಲೆ ಪುಟ್ಟ ಲಾಟೀನು ಹಿಡಿದು ಕೂತಿದ್ದಳು. ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುವ ಪದ್ಧತಿಯಂತೆ, ಐಲಿಫ್ ತನ್ನ ಸತ್ತ ಅಮ್ಮನ ಹೆಸರನ್ನೇ ಅವಳಿಗೆ ಇಟ್ಟಿದ್ದ. ಅವಳೆಂದರೆ ಅವನಿಗೆ ಪ್ರಾಣ.

“ಅಪ್ಪಾ, ಪುಸ್ತಕದಲ್ಲಿ ನನ್ನೂ ಬರೀತೀಯಾ?”

“ನೀನು ಮದುವೆ ಆಗಿ ಬೇರೆ ಮನೆಗೆ ಹೋಗೋಳಲ್ವಾ ಪುಟ್ಟೀ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.”

“ನಾನು ಎಲ್ಲೂ ಹೋಗಲ್ಲ!”

“ಬರಿ ಮಾರಾಯ, ಶಾಯಿ ಏನೂ ಖರ್ಚಾಗಲ್ಲ,” ಎಂದಳು ಇಂಗುನ್. ಅವನು ನಕ್ಕು, ಒಳಗೆ ಬಂದು ಹೊದಿಕೆಯ ಕೋಣೆಯ ಬಾಗಿಲು ಹಾಕಿಕೊಂಡ.

ಮಧ್ಯಾಹ್ನ ಎರಡಕ್ಕೇ ಕಿಟಕಿಯ ಹೊರಗೆ ಕತ್ತಲೆ. ಡಿಸೆಂಬರಿನಲ್ಲಿ ಅಷ್ಟು ಉತ್ತರದಲ್ಲಿ ಸೂರ್ಯ ಮುಖವನ್ನೇ ತೋರಿಸುವುದಿಲ್ಲ. ಗೋಡೆಯ ಹೊದಿಕೆಯಿಂದ ಹಸಿ ಉಣ್ಣೆ, ಮೀನೆಣ್ಣೆ, ಹಳೆಯ ಬೆವರು ಬೆರೆತ ವಾಸನೆ ಬರುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆಯ ಲಟ್ಟಣಿಗೆ ಗಡಗಡ ಉರುಳುತ್ತಿತ್ತು. ಐಲಿಫ್ ಬರೆಯುತ್ತ ಹೋದ. ಅಪ್ಪನಿಂದ ಮಗ, ಮಗನಿಂದ ಮೊಮ್ಮಗ, ಒಂಬತ್ತು ಗಂಡಸರು. ಕೊನೆಗೆ ತನ್ನ ಹೆಸರು. ಅದರ ಮುಂದೆ: ‘ಗಂಡು ಸಂತಾನವಿಲ್ಲ. ವಂಶ ಇಲ್ಲಿಗೆ ಮುಗಿಯಿತು.’

ಪೂರ್ಣವಿರಾಮ ಇಟ್ಟ. ಲಟ್ಟಣಿಗೆಯ ಸದ್ದು ನಿಂತಿತು.

“ಅತ್ತೇ, ಕಾಫಿ ಇದೆಯಾ?”

ಎದ್ದು ಹೋಗಿ ನೋಡಿದ. ಹಲಗೆಯ ಮೇಲೆ ಹಿಟ್ಟಿಲ್ಲ. ಈಗಷ್ಟೇ ಉರಿಯುತ್ತಿದ್ದ ಒಲೆಯಲ್ಲಿ ಬೂದಿಯೂ ಇಲ್ಲ. ಕಾವಲಿಗೆ ತುಕ್ಕು ಹಿಡಿದಿತ್ತು, ಯಾರೂ ಎಷ್ಟೋ ವರ್ಷ ಮುಟ್ಟದ ಹಾಗೆ. ಅತ್ತೆಯ ಮಣೆ, ಅವಳ ಶಾಲು, ಅವಳ ಚಪ್ಪಲಿ ಒಂದೂ ಇರಲಿಲ್ಲ.

ಓಡಿ ಕೋಣೆಗೆ ಬಂದ. ಮೇಜಿನ ಮೇಲಿದ್ದ ಫೋಟೋದಲ್ಲಿ ಅಪ್ಪ ಒಬ್ಬನೇ ನಿಂತಿದ್ದ. ಪಕ್ಕದಲ್ಲಿ ಅಮ್ಮ ಇದ್ದ ಜಾಗ ಖಾಲಿ. ಗೋಡೆಯಲ್ಲಿ ಏನೋ ಸರಸರ ಎಂದಿತು. ಹೊದಿಕೆ ಉಸಿರಾಡುತ್ತಿತ್ತು. ಅದರ ಅಂಚಿನಲ್ಲಿ ಹೊಸದಾಗಿ ಒಂದು ಬಿಳಿಗೂದಲ ಗಂಟು. ಅತ್ತೆಯ ಕೂದಲು. ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು.

“ಬಿಟ್ಟೋರೆಲ್ಲ ನನ್ನೋರು,” ಎಂದಿತು ಉಣ್ಣೆಯೊಳಗಿನ ದನಿ. ಸಿಟ್ಟಿರಲಿಲ್ಲ ಅದರಲ್ಲಿ. ಚಳಿಯಲ್ಲಿ ನಡುಗುವವರನ್ನು ಒಳಗೆ ಕರೆಯುವ ದನಿ.

ಐಲಿಫ್ ಕಿಟಕಿಗೆ ಹಾರಿದ. ದೂರದ ಹಿಮದ ದಾರಿಯಲ್ಲಿ ಎರಡು ಲಾಟೀನು ಬರುತ್ತಿದ್ದವು. ದೊಡ್ಡದೊಂದು, ಪುಟ್ಟದೊಂದು. ಎರಡೂ ಮಂಕಾಗುತ್ತಿದ್ದವು.

ಹಾಳೆ ಎಳೆದುಕೊಂಡ. ಶಾಯಿ ಚೆಲ್ಲಿತು. ಬರೆಯಬೇಕು. ಇಬ್ಬರನ್ನೂ ಬರೆಯಬೇಕು. ವಂಶಾವಳಿ ಬರೆಯುವ ಕೈ; ಹಿರಿಯರು ಮೊದಲು, ಕಿರಿಯರು ಆಮೇಲೆ. ಒಂಬತ್ತು ಹೆಸರು ಬರೆದು ರೂಢಿಯಾದ ಆ ಕ್ರಮವನ್ನು ಕೈ ಬಿಡಲಿಲ್ಲ. ‘ಇಂಗುನ್’ ಎಂದು ಬರೆದ. ‘ಪತ್ನಿ’ ಎಂದೂ ಸೇರಿಸಿದ. ಹೊರಗೆ ದೊಡ್ಡ ಲಾಟೀನು ಜಗ್ಗನೆ ಬೆಳಗಿತು.

ಲೇಖನಿ ಶಾಯಿಗೆ ಅದ್ದಿದ. ಎತ್ತಿದ.

ಪುಟ್ಟ ಲಾಟೀನು ಆರಿತು.

ಲೇಖನಿ ಹಾಳೆಯ ಮೇಲೆ ನಿಂತೇ ಇತ್ತು. ಹೆಸರು? ಮಗುವಿನ ಹೆಸರು? ಮುಂದಿನ ಹಲ್ಲು ಬಿದ್ದ ಬಾಯಿ ನೆನಪಿತ್ತು. ಒದ್ದೆ ಕೈಗವಸಿನ ವಾಸನೆ ನೆನಪಿತ್ತು. ಹೆಸರಿಲ್ಲ. ಅಮ್ಮನ ಹೆಸರನ್ನೇ ಇಟ್ಟಿದ್ದೆನಲ್ಲ! ಅಮ್ಮನ ಹೆಸರೇನು? ಅದೂ ಇಲ್ಲ. ಅತ್ತೆಯನ್ನು ಕೇಳೋಣವೆಂದರೆ ಅತ್ತೆಯೇ ಇಲ್ಲ. ‘ಮಗಳು’ ಎಂದು ಬರೆದ. ಶಾಯಿ ಹಾಳೆಯೊಳಗೆ ಇಂಗಿ ಮಾಯವಾಯಿತು. ಮತ್ತೆ ಬರೆದ. ಮತ್ತೆ ಇಂಗಿತು. ಹೆಸರಿಲ್ಲದವರು ಆ ಹಾಳೆಯಲ್ಲಿ ನಿಲ್ಲಲಿಲ್ಲ.

ಬಾಗಿಲು ತೆರೆಯಿತು. ಇಂಗುನ್ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಹಿಮಗಾಡಿಯ ಹಗ್ಗ.

“ಸಾಮಾನೆಲ್ಲ ಚೀಲದಲ್ಲೇ ಹಿಡಿಸ್ತು. ಈ ಖಾಲಿ ಗಾಡಿ ಯಾಕೆ ಎಳ್ಕೊಂಡು ಹೋದೆ ಅಂತ ನಂಗೇ ಗೊತ್ತಾಗ್ತಿಲ್ಲ.” ಅವಳು ಅವನ ಮುಖ ನೋಡಿ ಬೆಚ್ಚಿದಳು. “ಯಾಕೋ, ಏನಾಯ್ತು? ಯಾಕೆ ಅಳ್ತಿದ್ದೀಯ?”

“ಮಗು ಎಲ್ಲಿ?”

“ಯಾವ ಮಗು?”

ಅವಳನ್ನು ತಳ್ಳಿಕೊಂಡು ಹಿಮಕ್ಕೆ ಓಡಿದ. ಗಾಡಿಯ ಗೆರೆ ಇತ್ತು. ಪುಟ್ಟ ಹೆಜ್ಜೆ ಇರಲಿಲ್ಲ. ಕತ್ತಲೆಯಲ್ಲಿ ಎಲ್ಲೋ ಹತ್ತಿರದಲ್ಲೇ ಒಂದು ಮಗು ಬಿಕ್ಕುತ್ತಿತ್ತು. ಅಪ್ಪ ಕರೆದರೆ ಬರುತ್ತೇನೆ ಎಂದು ಕಾಯುವ ಬಿಕ್ಕು. ಎದೆ ತುಂಬ ಉಸಿರೆಳೆದು ಬಾಯಿ ತೆರೆದ.

ಏನೆಂದು ಕರೆಯುವುದು?