ಐದು ಹಸಿರು ಸರಳುಗಳು ಮತ್ತು ಗ್ಯುತೇ

"ಏಯ್, ನಿಲ್ಸು!"

ಕೂಗು ಕೇಳಿ ಹೇವೊನ್ ಬೆಚ್ಚಿದಳು. ಅಷ್ಟರಲ್ಲಿ... ಕರಕ್! ಎಳೆದು ಪರೀಕ್ಷಿಸುವ ಯಂತ್ರದ ದವಡೆಯಲ್ಲಿ ಹಸಿರು ಸರಳು ಪುಡಿಪುಡಿ!

ಎದುರಿಗೆ ಲ್ಯಾಬಿನ ಸೀನಿಯರ್ ಗ್ಯುತೇ. ಸೇತುವೆ ಸೈಟಿನಿಂದ ಅಂದೇ ಮರಳಿದ್ದ.

"ಇದು ಕಬ್ಬಿಣ ಅಲ್ಲಮ್ಮಾ, ಗಾಜಿನ ನಾರು! ತುದಿಗೆ ಕೊಳವೆ ಹಾಕಿ, ಸಿಮೆಂಟ್ ತುಂಬಿ, ಆಮೇಲೆ ಎಳೀಬೇಕು. ಹೀಗೆ ಕಚ್ಚಿಸಿದ್ರೆ ಉಳಿಯತ್ತಾ?"

'ಎಂಥಾ ಒರಟ!' ಅವಳ ಕಣ್ಣು ತುಂಬಿತು.

ಸಮುದ್ರದ ಉಪ್ಪುಗಾಳಿಗೂ ತುಕ್ಕು ಹಿಡಿಯದ ಸರಳು ಅದು. ಆರರಲ್ಲಿ ಒಂದು ಹೋಯಿತು. ಉಳಿದ ಐದೂ ಎಳೆದಾಗ ನಡುವೆಯೇ ಮುರಿಯಬೇಕು. ತುದಿಯಲ್ಲಿ ಮುರಿದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಅವಳ ಥೀಸಿಸ್ಸೂ ಈ ವರ್ಷ ಇಲ್ಲ!

ಮೂರು ವಾರ ಅವನೇ ಕಲಿಸಿದ. ಕಲಿಸಿದ್ದಕ್ಕಿಂತ ತಪ್ಪು ಹುಡುಕಿದ್ದೇ ಹೆಚ್ಚು.

"ಕೊಳವೇಲಿ ಸರಳು ಓರೆ ಇದೆ. ಸಿಮೆಂಟ್ ಗಟ್ಟಿಯಾಗೋಕ್ ಮುಂಚೆ ತೆಗಿ."

"ಸನ್‌ಬೇ, ಕೂದಲೆಳೆಯಷ್ಟು ಓರೆ!"

"ಅಷ್ಟು ಸಾಕು, ಕೊಳವೆ ಬಾಯಲ್ಲೇ ಮುರಿಯತ್ತೆ."

ಸನ್‌ಬೇ ಅಂದರೆ ಸೀನಿಯರ್. ಅವನ ಹೆಸರು ಹಿಡಿದು ಕರೆಯುವ ಧೈರ್ಯ ಅವಳಿಗೆಲ್ಲಿ!

ಐದನ್ನೂ ತೆಗೆದು ತೊಳೆಯುವಷ್ಟರಲ್ಲಿ ಕೊರಿಯಾದ ಸುಗ್ಗಿ ಹಬ್ಬ ಚುಸೊಕ್ ಬಂದೇಬಿಟ್ಟಿತು. ಹಬ್ಬದ ರಜೆಯ ಮರುದಿನವೇ ಅವಳ ಸರಳುಗಳ ಪರೀಕ್ಷೆ. ಬರಿಯ ಸರಳುಗಳನ್ನು ಕಪಾಟಿನಲ್ಲಿಟ್ಟು, ಅಳುತ್ತಲೇ ಊರಿನ ಬಸ್ ಹತ್ತಿದಳು.

ಹಬ್ಬ ಮುಗಿಸಿ ಬಂದರೆ... ಕಪಾಟು ಖಾಲಿ!

"ನನ್ನ ಸರಳು ನಿಮ್ಮ ಪರೀಕ್ಷೆಗೆ ಎತ್ಕೊಂಡ್ರಾ? ನಾನ್ ಹೇಗೂ ಫೇಲು ಅಂತಾನಾ?" ಅವಳು ಗ್ಯುತೇಗೆ ಅಡ್ಡ ನಿಂತಳು.

ಅವನು ಒಳಕೋಣೆಯ ಬಾಗಿಲು ತೆರೆದ.

ಐದೂ ನೆಟ್ಟಗೆ ನಿಂತಿದ್ದವು! ತುದಿಗಳಿಗೆ ಕೊಳವೆ, ಗಟ್ಟಿಯಾದ ಸಿಮೆಂಟ್. ಒಂದೊಂದರ ಮೇಲೂ ಟೇಪ್: 'ಹೇವೊನ್'.

ಅವನ ಬೆರಳುಗಳ ಚರ್ಮ ಸಿಮೆಂಟಿಗೆ ಬಿರಿದಿತ್ತು.

"ಹಬ್ಬಕ್ಕೆ... ನೀವು ಊರಿಗೇ ಹೋಗ್ಲಿಲ್ವಾ?"

"ಮೊದ್ಲು ಸರಳು ಎಳಿ."

ಯಂತ್ರ ಗುಂಯ್‌ಗುಟ್ಟಿತು. ಒಂದು, ಎರಡು, ಮೂರು, ನಾಲ್ಕು... ಎಲ್ಲವೂ ನಡುವೆಯೇ ಸಿಡಿದವು! ಐದನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡಳು.

ಢಮಾರ್!

"ಕಣ್ ಬಿಡು. ನಡುವೆನೇ!"

ಎಳೆಗಳು ಪೊರಕೆಯಂತೆ ಬಿಚ್ಚಿಕೊಂಡಿದ್ದವು. ಅವಳು ನಗುತ್ತಲೇ ಅತ್ತುಬಿಟ್ಟಳು.

"ಕಬ್ಬಿಣ ಆದ್ರೆ ಮೊದ್ಲೇ ಹಿಗ್ಗಿ ಸುಳಿವು ಕೊಡತ್ತೆ," ಎಂದ ಗ್ಯುತೇ ಮೆಲ್ಲಗೆ. "ಇದು ಕೊನೇವರೆಗೂ ಬಾಯಿ ಬಿಡಲ್ಲ. ಆಮೇಲೆ ಒಂದೇ ಸಲ..."

"ಥೇಟ್ ನಿಮ್ ಥರ!"

ಅವನ ಕಿವಿ ಕೆಂಪೇರಿತು.

"ಹಬ್ಬಕ್ ಬರಲ್ಲ ಅಂದಾಗ ಅಮ್ಮ ಬೈಲಿಲ್ವಾ?"

"ಬೈದ್ರು. ಒಬ್ಳು ಹುಡುಗಿ ಅತ್ಕೊಂಡ್ ಬಸ್ ಹತ್ತಿದ್ಲು, ನಂಗ್ ನೋಡಕ್ಕಾಗ್ಲಿಲ್ಲ ಅಂದೆ."

ಹೇವೊನ್‌ಳ ಎದೆ ಢವಢವ!

"ಅದಕ್ಕೆ ಏನಂದ್ರು?"

"ಹೊಸ ವರ್ಷಕ್ಕೆ ಒಬ್ಬನೇ ಬಂದ್ರೆ ಬಾಗ್ಲು ತೆಗಿಯಲ್ವಂತೆ."

ಬಿರಿದ ಅವನ ಬೆರಳುಗಳನ್ನು ಅವಳು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

"ಪಾಪ, ಚಳೀಲಿ ಹೊರಗ್ ನಿಲ್ಲೋಕಾಗತ್ತಾ... ಬರ್ತೀನಿ ಬಿಡಿ, ಗ್ಯುತೇ."